ದುಗ್ಗಮ್ಮ ಮುರಿದ ಗೆಲ್ಲು

ದುಗ್ಗಮ್ಮ ಕೆಲಸವಿಲ್ಲದೆ ಪುತ್ತೂರಿಗೆ ಹೋದವರಲ್ಲ. ಗಂಡನಿಗೆ ಎದೆನೋವು ಬಂದಾಗ ಹೋಗಿದ್ದಾರೆ, ಮಗಳ ಮದುವೆಗೆ ಸೀರೆ ತೆಗೆಯಲು ಹೋಗಿದ್ದಾರೆ, ಅಂಗನವಾಡಿ ಸಹಾಯಕಿಯರ ಸಭೆಗೆ ಹೋಗಿದ್ದಾರೆ, ಕಣ್ಣಿನ ಪೊರೆ ತೆಗೆಸಲು ಹೋಗಿದ್ದಾರೆ. ಹೋದ ಕೆಲಸ ಮುಗಿದ ಕೂಡಲೇ ಬೆಳ್ಳಾರೆಯ ಬಸ್ಸು ಹಿಡಿದು ವಾಪಸು. ಹಾಗಾಗಿ ಜನವರಿಯ ಒಂದು ಶನಿವಾರ ಮಗಳು ಶರ್ಮಿಳಾ ಫೋನ್ ಮಾಡಿ, "ಅಮ್ಮ, ನಾಳೆ ನನಗೆ ರಜೆ. ಇಲ್ಲಿ ಕಾಲೇಜಿನ ಮೈದಾನದಲ್ಲಿ ಹೂವಿನ ಪ್ರದರ್ಶನ ಉಂಟು, ಹೋಗುವಾ" ಎಂದಾಗ ಅವರು ಮೊದಲು ಕೇಳಿದ್ದು, "ಅಲ್ಲಿ ನಮಗೆ ಎಂತ ಕೆಲಸ?" ಎಂದು.

"ಕೆಲಸ ಎಂತದೂ ಇಲ್ಲ. ನೋಡುದು ಅಷ್ಟೆ."

"ನೋಡ್ಲಿಕ್ಕೆ ಅಂತ ಅಷ್ಟು ದೂರ ಹೋಗುದಾ?"

"ಹೌದು. ನೋಡ್ಲಿಕ್ಕೇ."

ಆಮೇಲೆ ದುಗ್ಗಮ್ಮ ಕೇಳಿದರು, "ಎಷ್ಟು ಗಂಟೆಯ ಬಸ್ಸಿಗೆ ಬರ್ಬೇಕು?"

ಶರ್ಮಿಳಾ ಸರಕಾರಿ ಬಸ್ಸಿನ ಕಂಡಕ್ಟರ್. ಹನ್ನೊಂದು ವರ್ಷಗಳಿಂದ ಆ ಕೆಲಸದಲ್ಲಿದ್ದಾಳೆ. ಈಗ ಪುತ್ತೂರಿನಿಂದ ಕಾಣಿಯೂರಿನ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗಿಬರುವ ಬಸ್ಸು ಅವಳದು. ಗಂಡ ಉದಯನಿಗೆ ಪುತ್ತೂರಿನಲ್ಲೇ ಗ್ಯಾರೇಜು. ಇಬ್ಬರೂ ಸಾಲ್ಮರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ದುಗ್ಗಮ್ಮ ಇರುವುದು ಬೆಳ್ಳಾರೆಯ ಹತ್ತಿರ, ಮಗ ಕೀರ್ತನ್ ಮತ್ತು ಸೊಸೆ ಭವಿತಾಳ ಜೊತೆ. ಅಲ್ಲಿಯ ಅಂಗನವಾಡಿಯಲ್ಲಿ ಅವರು ಇಪ್ಪತ್ತೇಳು ವರ್ಷ ಸಹಾಯಕಿಯಾಗಿದ್ದರು. ಎಷ್ಟೋ ಮಕ್ಕಳ ಮೂಗು ಒರೆಸಿ, ಗಂಜಿ ಬೇಯಿಸಿ, ಚಾಪೆ ಕೊಡವಿ ನಾಲ್ಕು ವರ್ಷದ ಹಿಂದೆ ನಿವೃತ್ತಿಯಾದರು. ಆ ದಿನ ಅವರಿಗೊಂದು ಶಾಲು ಹೊದೆಸಿದ್ದರು. ಅದನ್ನು ಈಗಲೂ ಚಳಿಗೆ ಹೊದೆಯುತ್ತಾರೆ.

ಅವರ ಅಂಗಳ ನೋಡಬೇಕು. ಎಣ್ಣೆಯ ಡಬ್ಬ, ಪೈಂಟಿನ ಬಕೆಟು, ಒಡೆದ ಕೊಡಪಾನ, ಅಕ್ಕಿ ಗೋಣಿ, ಎಲ್ಲದರಲ್ಲೂ ಗಿಡ. ಒಂದೂ ಅಂಗಡಿಯಿಂದ ತಂದದ್ದಲ್ಲ. ಯಾರ ಮನೆಗೆ ಹೋದರೂ ಚಾ ಕುಡಿದು ಏಳುವಾಗ ದುಗ್ಗಮ್ಮ, "ಇದರದ್ದೊಂದು ಗೆಲ್ಲು ಕೊಡ್ತೀರಾ?" ಎಂದು ಕೇಳುವರು. ಕೊಂಬೆಯ ಆ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು ತರುವರು. ಗಿಡಗಳ ನಿಜವಾದ ಹೆಸರು ಅವರಿಗೆ ಬೇಕಿರಲಿಲ್ಲ. ಕೊಟ್ಟವರ ಹೆಸರೇ ಗಿಡದ ಹೆಸರು. ಬಾವಿಯ ಪಕ್ಕದ್ದು ಪೋಸ್ಟ್ ಮಾಸ್ಟರರ ದಾಸವಾಳ. ಮೆಟ್ಟಿಲ ಬದಿಯದ್ದು ಕಲ್ಮಡ್ಕದ ಅಕ್ಕನ ಗುಲಾಬಿ. ಗಂಡ ತೀರಿಕೊಂಡ ಆಸ್ಪತ್ರೆಯ ಬಾಗಿಲಲ್ಲಿದ್ದ ಕ್ರೋಟನ್ನಿನಿಂದಲೂ ಒಂದು ಗೆಲ್ಲು ತಂದಿದ್ದರು. ಅದಕ್ಕೆ ಆಸ್ಪತ್ರೆ ಗಿಡ ಎಂದೇ ಹೆಸರು. ಅದು ಈಗ ಆಳೆತ್ತರ ಬೆಳೆದಿದೆ.

ಒಂದು ಗಿಡ ಮಾತ್ರ ಹೋಗಿಬಿಟ್ಟಿತ್ತು. ಅದು ಪಾತುವಿನದು. ಪಾತು ಆಚೆ ಮನೆಯ ಬ್ಯಾರಿ ಹೆಂಗಸು, ದುಗ್ಗಮ್ಮನ ಪ್ರಾಯದವಳೇ. ಮದುವೆಯಾಗಿ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಶರ್ಮಿಳಾ ಹುಟ್ಟಿ ದುಗ್ಗಮ್ಮ ಜ್ವರದಲ್ಲಿ ಬಿದ್ದಿದ್ದಾಗ ಹದಿನೈದು ದಿನ ಮಗುವನ್ನು ಮೀಯಿಸಿದ್ದು ಪಾತುವೇ. ಆಮೇಲೆ ಅವಳ ಮಗ ಶಾಫಿ ಉಪ್ಪಿನಂಗಡಿಯಲ್ಲಿ ಅಂಗಡಿ ಹಾಕಿ ತಾಯಿಯನ್ನು ಕರೆದುಕೊಂಡು ಹೋದ. ಹೊರಡುವ ದಿನ ಪಾತು ತನ್ನ ಬಿಗೋನಿಯಾದ ಒಂದು ಗೆಲ್ಲನ್ನು ಮುರಿದು ದುಗ್ಗಮ್ಮನ ಕೈಯಲ್ಲಿಟ್ಟಿದ್ದಳು. ಹಸಿರು ಎಲೆಯ ಮೇಲೆ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕಿ, ಮಗುಚಿದರೆ ಅಡಿಯಲ್ಲಿ ಕುಂಕುಮದ ಬಣ್ಣ. ಎರಡು ವರ್ಷದ ಹಿಂದೆ ಪಾತು ತೀರಿಕೊಂಡಳು. ಕಳೆದ ಆಟಿ ತಿಂಗಳ ಮಳೆಗೆ ಅವಳ ಗಿಡವೂ ಬುಡ ಕೊಳೆತು ಹೋಯಿತು. ದುಗ್ಗಮ್ಮ ಆ ಖಾಲಿ ಡಬ್ಬವನ್ನು ಬೇರೆ ಗಿಡಕ್ಕೆ ಕೊಡಲಿಲ್ಲ.

ಭಾನುವಾರ ಹತ್ತು ಗಂಟೆಗೆ ದುಗ್ಗಮ್ಮ ಪುತ್ತೂರಿನ ಬಸ್ ನಿಲ್ದಾಣದಲ್ಲಿ ಇಳಿದರು. ನಶ್ಯ ಬಣ್ಣದ ಸೀರೆ, ತಲೆಗೆ ಒಂದು ತುಂಡು ಮಲ್ಲಿಗೆ, ಕೈಯಲ್ಲಿ ಕೊಡೆ, ಚೀಲ. ಶರ್ಮಿಳಾ ಚೂಡಿದಾರಿನಲ್ಲಿ ಕಾಯುತ್ತಿದ್ದಳು. ಖಾಕಿ ಇಲ್ಲದ ಮಗಳನ್ನು ನೋಡಿ ದುಗ್ಗಮ್ಮ, "ತೆಳು ಆಗಿದ್ದಿ" ಎಂದರು. ಪ್ರತಿ ಸಲ ಹೇಳುವುದು ಅದೇ.

ಪ್ರದರ್ಶನದ ಬಾಗಿಲಲ್ಲಿ ಸೇವಂತಿಗೆಯಿಂದ ಮಾಡಿದ ದೊಡ್ಡ ಆನೆ ನಿಂತಿತ್ತು. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ದುಗ್ಗಮ್ಮ ಆನೆಯ ಸುತ್ತ ಒಂದು ಸುತ್ತು ಬಂದರು.

"ಇಷ್ಟು ಹೂ ಕೊಯ್ದು ಹಾಕಿದ್ದಾರಲ್ಲ. ನಾಡಿದ್ದು ಇದು ಎಂತ ಆಗ್ತದೆ?"

"ಬಾಡ್ತದೆ."

"ಮತ್ತೆ?"

"ಮತ್ತೆ ಎಂತ, ಬಿಸಾಡ್ತಾರೆ. ಬಾ ಅಮ್ಮ, ಇಲ್ಲಿ ನಿಲ್ಲು."

ದುಗ್ಗಮ್ಮ ಆನೆಯ ಪಕ್ಕದಲ್ಲಿ ಎರಡೂ ಕೈ ನೇರ ಇಳಿಬಿಟ್ಟು ನಿಂತರು. ಶರ್ಮಿಳಾ ಮೊಬೈಲಿನಲ್ಲಿ ಮೂರು ಫೋಟೊ ತೆಗೆದಳು. ಮೂರರಲ್ಲೂ ಅವರ ಕಣ್ಣು ಬೇರೆಲ್ಲೋ ಇತ್ತು. ಆಚೆ ನೆರಳುಬಲೆಯ ಚಪ್ಪರದ ಕೆಳಗೆ ಚಟ್ಟಿಗಳಲ್ಲಿ ಸಾಲಾಗಿ ಇಟ್ಟಿದ್ದ ಗಿಡಗಳನ್ನು ಅವರು ಆಗಲೇ ನೋಡಿಯಾಗಿತ್ತು.

ಆ ಚಪ್ಪರದೊಳಗೆ ಹೊಕ್ಕ ಮೇಲೆ ದುಗ್ಗಮ್ಮ ಬೇರೆಯೇ ಮನುಷ್ಯರಾದರು. ಮನೆಯಲ್ಲಿ ಗಿಡ ಬೆಳೆಸುವವರ ಸ್ಪರ್ಧೆ ಅಲ್ಲಿ ನಡೆಯುತ್ತಿತ್ತು. ಒಂದೊಂದು ಚಟ್ಟಿಗೂ ಒಂದು ನಂಬರು, ಒಂದು ಇಂಗ್ಲಿಷ್ ಹೆಸರು. ದುಗ್ಗಮ್ಮ ಚೀಟಿಗಳ ಕಡೆ ನೋಡಲೂ ಇಲ್ಲ. "ಓ, ಇದು ನಮ್ಮ ಕಲ್ಮಡ್ಕದ ಅಕ್ಕ ಅಲ್ವಾ! ಇಲ್ಲಿ ಎಷ್ಟು ದಪ್ಪ ಆಗಿದ್ದಾಳೆ." "ಇದು ಟೀಚರಮ್ಮ." "ಶರ್ಮಿಳಾ, ಇಲ್ಲಿ ನೋಡು, ಇದಕ್ಕೆ ನೀರು ಜಾಸ್ತಿ ಹಾಕಿದ್ದಾರೆ, ಎಲೆಯ ತುದಿ ನೋಡು." ಪಕ್ಕದಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಶರ್ಮಿಳಾಳಿಗೆ ನಗು ಬರುತ್ತಿತ್ತು, ಸಂತೋಷವೂ ಆಗುತ್ತಿತ್ತು. ಅಮ್ಮ ಇಷ್ಟೊಂದು ಮಾತಾಡಿದ್ದನ್ನು ಅವಳು ಅಪ್ಪ ಹೋದ ಮೇಲೆ ಕೇಳಿರಲಿಲ್ಲ.

ಒಂದು ಗಂಟೆ ತಿರುಗಿದ ಮೇಲೆ ಬಿಸಿಲು ಏರಿತು. "ನೀನು ಇಲ್ಲೇ ಇರು ಅಮ್ಮ, ನಾನು ಲಿಂಬೆ ಶರಬತ್ತು ತರ್ತೇನೆ" ಎಂದು ಶರ್ಮಿಳಾ ಮೈದಾನದ ಆಚೆ ತುದಿಗೆ ಹೋದಳು.

ಅವಳು ಹೋದ ಮೇಲೆ ದುಗ್ಗಮ್ಮ ಮುಂದಿನ ಸಾಲಿಗೆ ನಡೆದರು. ಮೂಲೆಯಲ್ಲಿ, ಸುಣ್ಣ ಬಳಿದ ಚಟ್ಟಿಯಲ್ಲಿ, ಎದೆಯೆತ್ತರದ ಬಿಗೋನಿಯಾ ನಿಂತಿತ್ತು. ಹಸಿರೆಲೆಯ ಮೇಲೆ ಬಿಳಿ ಚುಕ್ಕಿ. ದುಗ್ಗಮ್ಮ ಒಂದು ಎಲೆಯನ್ನು ಬೆರಳಿನಿಂದ ಮಗುಚಿ ನೋಡಿದರು. ಅದೇ ಕುಂಕುಮದ ಬಣ್ಣ.

ಅಲ್ಲಿ ನಿಂತಿದ್ದ ಸ್ವಯಂಸೇವಕಿ ಹುಡುಗಿಯನ್ನು ಅವರು ಕೇಳಿದರು, "ಮಗಾ, ಇದು ಯಾರದ್ದು? ಒಂದು ಗೆಲ್ಲು ಸಿಕ್ಕುದುಂಟಾ?"

"ಇಲ್ಲ ಅಜ್ಜಿ, ಇದು ಸ್ಪರ್ಧೆಗೆ ಇಟ್ಟದ್ದು. ಮುಟ್ಟಬಾರದು."

"ಸಣ್ಣದು ಸಾಕು."

"ಮುಟ್ಟಬಾರದು ಅಜ್ಜಿ."

ಹುಡುಗಿ ಆಚೆ ತಿರುಗಿದಳು. ದುಗ್ಗಮ್ಮ ಮುಂದಿನ ಗಿಡಕ್ಕೆ ಹೋದರು, ಅದರ ಮುಂದಿನದಕ್ಕೂ ಹೋದರು. ಆಮೇಲೆ ವಾಪಸು ಬಂದರು. ಮುರಿಯಬೇಕೆಂದು ಬಂದದ್ದಲ್ಲ, ಇನ್ನೊಮ್ಮೆ ನೋಡಲು ಬಂದದ್ದು ಎಂದು ಅವರು ಆಮೇಲೆ ಹೇಳಿದ್ದುಂಟು. ಆದರೆ ಕೈ ಹೋಯಿತು. ಬಿಗೋನಿಯಾದ ದಂಟು ಬಲು ಮೆತ್ತಗೆ, ಒತ್ತಿದರೆ ಸಾಕು, ಟಕ್ಕೆಂದು ಮುರಿಯುತ್ತದೆ. ಆ ಶಬ್ದಕ್ಕೆ ಹುಡುಗಿ ತಿರುಗಿದಳು.

ಶರಬತ್ತಿನ ಎರಡು ಗ್ಲಾಸು ಹಿಡಿದು ಶರ್ಮಿಳಾ ಮೈದಾನದ ನಡುವೆ ಬರುತ್ತಿದ್ದಾಗ ಮೈಕು ಕೇಳಿತು. "ದಯವಿಟ್ಟು ಗಮನಿಸಿ. ಸ್ಪರ್ಧೆಗೆ ಇಟ್ಟ ಗಿಡಗಳನ್ನು ಯಾರೂ ಮುಟ್ಟಬಾರದು. ಈಗಷ್ಟೇ ಒಬ್ಬರು ಅಜ್ಜಿ ಬಹುಮಾನಕ್ಕೆ ಇಟ್ಟ ಗಿಡದ ಗೆಲ್ಲನ್ನೇ ಮುರಿದು ಚೀಲಕ್ಕೆ ಹಾಕಿಕೊಂಡಿದ್ದಾರೆ. ಅಜ್ಜಿಯ ಜೊತೆ ಬಂದವರು ಯಾರಾದರೂ ಇದ್ದರೆ ವೇದಿಕೆಯ ಹತ್ತಿರ ಬರಬೇಕು." ಮೈಕಿನವನ ದನಿಯಲ್ಲಿ ನಗು ಇತ್ತು. ಮೈದಾನವೂ ನಕ್ಕಿತು.

ವೇದಿಕೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಶ್ಯ ಬಣ್ಣದ ಸೀರೆ ಕಂಡಿತು. ಶರ್ಮಿಳಾಳ ಕಾಲು ಅಲ್ಲೇ ನಿಂತಿತು.

"ಓ ಮೇಡಂ! ಇವತ್ತು ಡ್ಯೂಟಿ ಇಲ್ವಾ?"

ವಿಷ್ಣುಪ್ರಸಾದ್. ದಿನವೂ ಅವಳ ಬಸ್ಸಿನಲ್ಲಿ ಕಾಣಿಯೂರಿಗೆ ಹೋಗುವ ಗುಮಾಸ್ತ. ಹೆಂಡತಿ, ಅತ್ತೆ, ಇನ್ನಿಬ್ಬರು ನೆಂಟರು ಜೊತೆಗಿದ್ದರು. "ಇವರೇ ನಾನು ಹೇಳಿದ ಕಂಡಕ್ಟರ್" ಎಂದು ಆತ ಪರಿಚಯ ಮಾಡಿಸಿದ. "ಭಾರೀ ಸ್ಟ್ರಿಕ್ಟ್. ಟಿಕೆಟ್ ಇಲ್ಲದೆ ಒಂದು ನೊಣವನ್ನೂ ಬಿಡುದಿಲ್ಲ ಇವರು." ಎಲ್ಲರೂ ನಕ್ಕರು. ಆಮೇಲೆ ವೇದಿಕೆಯ ಕಡೆ ಕುತ್ತಿಗೆ ಉದ್ದ ಮಾಡಿ, "ಯಾರಂತೆ ಮಾರಾಯ್ರೆ ಆ ಅಜ್ಜಿ? ನಿಮಗೆ ಗುರ್ತ ಉಂಟಾ?" ಎಂದ.

"ಇಲ್ಲ" ಎಂದಳು ಶರ್ಮಿಳಾ. "ಗೊತ್ತಿಲ್ಲ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವಳಿಗೆ ತಾನು ಎಂತ ಹೇಳಿದೆ ಎಂದು ಗೊತ್ತಾಯಿತು. ಆದರೂ ಕಾಲು ಏಳಲಿಲ್ಲ. ವಿಷ್ಣುಪ್ರಸಾದನ ಅತ್ತೆ, ಈಗಿನ ಪ್ರಾಯದವರು ಬಿಡಿ, ಮುದುಕಿಯರೂ ಹೀಗೆ ಮಾಡ್ತಾರಲ್ಲ ಎಂದು ಏನೋ ಹೇಳುತ್ತಿದ್ದರು. ಅವಳು ತಲೆ ಆಡಿಸುತ್ತ ನಿಂತಳು. ಅವರೆಲ್ಲ ಆನೆಯ ಕಡೆ ಹೋಗುವವರೆಗೂ ನಿಂತಳು. ಎರಡು ನಿಮಿಷವೋ, ಮೂರೋ. ಐಸು ಕರಗಿ ಗ್ಲಾಸಿನ ಹೊರಗೆಲ್ಲ ನೀರು ಇಳಿಯುತ್ತಿತ್ತು. ನೆಂಟರ ಮದುವೆಯಲ್ಲಿ ಯಾರೋ ಅಪ್ಪನ ಹರಿದ ಅಂಗಿ ನೋಡಿ ನಕ್ಕಾಗ ಅಮ್ಮ ಎದ್ದು ಹೋಗಿ ಅಪ್ಪನ ಪಕ್ಕವೇ ಕೂತದ್ದು ಅವಳಿಗೆ ನೆನಪಾಯಿತು. ಗ್ಲಾಸುಗಳನ್ನು ಹುಲ್ಲಿನ ಮೇಲಿಟ್ಟು ಅವಳು ನಡೆದಳು.

ವೇದಿಕೆಯ ಹತ್ತಿರ ಪ್ರದರ್ಶನದ ಸಮಿತಿಯ ರಾಧಾಕೃಷ್ಣ ಎಂಬವರು ನಿಂತಿದ್ದರು. ನಿವೃತ್ತ ಹೆಡ್ ಮಾಸ್ಟರು, ಮೃದು ಮನುಷ್ಯ. ಮೈಕಿನವನಿಗೆ ಅವರು ಆಗಲೇ ಬೈದಾಗಿತ್ತು. ದುಗ್ಗಮ್ಮ ಮುರಿದ ಗೆಲ್ಲನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ಶರ್ಮಿಳಾ ಹಿಂದಿನಿಂದ ಬರುವಾಗ ಅವರಿಬ್ಬರ ಮಾತು ಅವಳ ಕಿವಿಗೆ ಬಿತ್ತು.

"ನಿಮ್ಮ ಜೊತೆ ಯಾರು ಬಂದಿದ್ದಾರಮ್ಮ?"

"ಯಾರೂ ಇಲ್ಲ. ನಾನು ಒಬ್ಬಳೇ ಬಂದದ್ದು."

"ಬೆಳ್ಳಾರೆಯಿಂದ ಒಬ್ಬರೇ?"

"ಒಬ್ಬಳೇ. ನನಗೆ ಯಾರೂ ಬೇಡ, ಬಸ್ಸಿನ ದಾರಿ ಗೊತ್ತುಂಟು."

"ನಾನು ಇವರ ಮಗಳು" ಎಂದಳು ಶರ್ಮಿಳಾ.

ದುಗ್ಗಮ್ಮ ತಲೆಯೆತ್ತಿ ಅವಳನ್ನು ನೋಡಿದರು, ಮತ್ತೆ ರಾಧಾಕೃಷ್ಣರ ಕಡೆ ತಿರುಗಿದರು. "ಇವರು ಬಸ್ಸಿನ ಕಂಡಕ್ಟರ್" ಎಂದರು. "ಪಾಪದ ಹೆಂಗಸು. ನನಗೆ ಇವರ ಗುರ್ತ ಇಲ್ಲ."

ರಾಧಾಕೃಷ್ಣ ಇಬ್ಬರ ಮುಖವನ್ನೂ ನೋಡಿದರು. ಒಂದೇ ಅಚ್ಚಿನ ಮೂಗು, ಒಂದೇ ಅಚ್ಚಿನ ಗಲ್ಲ.

"ಅಮ್ಮ, ಸಾಕು" ಎಂದಳು ಶರ್ಮಿಳಾ. ಅವಳು ಅಮ್ಮನ ಕುರ್ಚಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಹುಲ್ಲಿನ ಮೇಲೆಯೇ ಕೂತಳು.

ಅಷ್ಟರಲ್ಲಿ ಗಿಡದ ಒಡತಿ ಬಂದಳು. ಹೆಸರು ತೃಪ್ತಿ, ದರ್ಬೆಯವಳು, ಮನೆಯ ತಾರಸಿಯ ಮೇಲೆ ಗಿಡ ಸಾಕುವವಳು. ಸಿಟ್ಟಿನಲ್ಲಿ ಮುಖ ಕೆಂಪಾಗಿತ್ತು. "ಎಂತ ಅಮ್ಮ ಇದು? ಮೂರು ಗಂಟೆಗೆ ತೀರ್ಪುಗಾರರು ಬರ್ತಾರೆ. ಎರಡು ವರ್ಷ ಮಕ್ಕಳ ಹಾಗೆ ನೋಡಿಕೊಂಡದ್ದು ನಾನು. ಅಂಗಡಿಯಲ್ಲಿ ಸಿಕ್ಕುದಿಲ್ವಾ ನಿಮಗೆ?"

ಶರ್ಮಿಳಾ ಏಳಹೊರಟಳು. ದುಗ್ಗಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ತಾವೇ ಎದ್ದರು.

"ತಪ್ಪು ನನ್ನದು" ಎಂದರು. "ಕೇಳಿದೆ, ಇಲ್ಲ ಹೇಳಿದ್ರು. ಆಮೇಲೆ ಮುರಿದೆ. ಕದ್ದದ್ದೇ ಅದು. ನನ್ನ ಹತ್ತಿರ ಇಂಥದ್ದೇ ಒಂದು ಇತ್ತು. ಪಾತು ಅಂತ ಒಬ್ಬಳು ಕೊಟ್ಟದ್ದು. ಅವಳೂ ಇಲ್ಲ, ಗಿಡವೂ ಇಲ್ಲ. ಇವತ್ತು ಇದನ್ನು ನೋಡುವಾಗ ಅವಳನ್ನೇ ನೋಡಿದ ಹಾಗೆ ಆಯ್ತು. ಹಾಗಂತ ಮುರಿಯಬಹುದು ಅಂತಲ್ಲ." ಗೆಲ್ಲನ್ನು ತೃಪ್ತಿಯ ಮುಂದೆ ಹಿಡಿದರು. "ಇದನ್ನು ನೀರಿನಲ್ಲಿ ನಿಲ್ಲಿಸಿ, ನೆರಳಿನಲ್ಲಿಡಿ. ಹದಿನೈದು ದಿನದಲ್ಲಿ ಬೇರು ಬಿಡ್ತದೆ. ಒಂದಿದ್ದದ್ದು ನಿಮ್ಮಲ್ಲಿ ಎರಡಾಗ್ತದೆ."

ತೃಪ್ತಿ ಗೆಲ್ಲನ್ನು ತೆಗೆದುಕೊಂಡು ತನ್ನ ಗಿಡದ ಕಡೆ ನಡೆದಳು. ರಾಧಾಕೃಷ್ಣ, "ಆಯ್ತಮ್ಮ, ನೀವಿನ್ನು ಹೋಗಿ" ಎಂದರು.

ಶರ್ಮಿಳಾ ಹೊರಡಲು ಎದ್ದಳು. ದುಗ್ಗಮ್ಮ ಹೊರಡಲಿಲ್ಲ.

"ಮೂರು ಗಂಟೆಗೆ ನೋಡ್ತಾರಂತಲ್ಲ. ಆ ಗಿಡಕ್ಕೆ ಎಂತ ಆಗ್ತದೆ ಅಂತ ನೋಡದೆ ಹೋಗುದು ಹೇಗೆ?"

ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಶರ್ಮಿಳಾ ಅನ್ನ ಕಲಸಿದಳು, ತಿನ್ನಲಿಲ್ಲ. ಕೊನೆಗೆ ಹೇಳಿದಳು, "ಅಮ್ಮ, ಮೈಕಿನಲ್ಲಿ ಹೇಳುವಾಗ ನಾನು ಅಲ್ಲೇ ಇದ್ದೆ. ಒಬ್ಬರು ಕೇಳಿದ್ರು. ನನಗೆ ಗೊತ್ತಿಲ್ಲ ಅಂತ ಹೇಳಿದೆ."

ದುಗ್ಗಮ್ಮ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು.

"ನೋಡಿದೆ" ಎಂದರು. "ನೀನು ಗ್ಲಾಸು ಹಿಡ್ಕೊಂಡು ನಿಂತದ್ದು ಕಾಣ್ತಿತ್ತು. ಕಣ್ಣಿನ ಆಪರೇಶನ್ ಆದ ಮೇಲೆ ನನಗೆ ದೂರದ್ದೆಲ್ಲ ಲಾಯ್ಕ ಕಾಣ್ತದೆ."

"ನೋಡಿಯೂ ಒಬ್ಬಳೇ ಬಂದದ್ದು ಅಂದ್ಯಾ?"

"ಮತ್ತೆ? ನಾಳೆ ನೀನು ಅದೇ ಬಸ್ಸಿಗೆ ಹತ್ತಬೇಕಲ್ಲ. ಕದ್ದದ್ದು ನಾನು. ನಿನಗೆ ಯಾಕೆ ಅದು?" ಆಮೇಲೆ ಅವಳ ತಟ್ಟೆ ನೋಡಿ, "ಉಣ್ಣು, ಅನ್ನ ತಣಿದ್ರೆ ಅಂಟ್ತದೆ" ಎಂದರು.

ಮೂರೂವರೆಗೆ ಬಹುಮಾನ ಹೇಳಿದರು. ತೃಪ್ತಿಯ ಬಿಗೋನಿಯಾಕ್ಕೆ ಬಹುಮಾನ ಬರಲಿಲ್ಲ. ದುಗ್ಗಮ್ಮ ಜನರ ನಡುವೆ ದಾರಿ ಮಾಡಿಕೊಂಡು ನೇರ ಅವಳ ಹತ್ತಿರ ಹೋದರು. ಶರ್ಮಿಳಾ ಈ ಸಲ ಪಕ್ಕದಲ್ಲೇ ಹೋದಳು.

"ನನ್ನಿಂದ ಹೋಯ್ತು ನಿಮಗೆ" ಎಂದರು ದುಗ್ಗಮ್ಮ.

ತೃಪ್ತಿ ಆಗ ಬಳಲಿದ್ದಳು, ಸಿಟ್ಟು ಇಳಿದಿತ್ತು. "ಇಲ್ಲ ಬಿಡಿ ಅಮ್ಮ" ಎಂದಳು. "ಫಸ್ಟ್ ಬಂದ ಆರ್ಕಿಡ್ ನೋಡಿದ್ರಾ? ಗೆಲ್ಲು ಇದ್ದಿದ್ರೂ ನನಗೆ ಬರ್ತಿರಲಿಲ್ಲ." ಆಮೇಲೆ ಕೇಳಿದಳು, "ನಿಮ್ಮ ಗಿಡ ಹೇಗೆ ಸತ್ತದ್ದು?"

"ಬುಡ ಕೊಳೆತು. ಆಟಿಯ ಮಳೆಗೆ."

"ನನ್ನದರಲ್ಲೂ ಎರಡು ಹೋಗಿದೆ ಹಾಗೆಯೇ. ಎಂತ ಮಾಡುದು ಅದಕ್ಕೆ?"

ಅಲ್ಲಿಂದ ಶುರುವಾದ ಮಾತು ನಾಲ್ಕೂವರೆಯವರೆಗೆ ನಡೆಯಿತು. ಬೂದಿ ಎಷ್ಟು, ಮರಳು ಎಷ್ಟು, ಮಾಡಿನ ನೀರು ಬೀಳದ ಹಾಗೆ ಎಲ್ಲಿಡಬೇಕು, ಬಸವನ ಹುಳಕ್ಕೆ ಮೊಟ್ಟೆ ಚಿಪ್ಪು ಹಾಕಿದರೆ ಆಗುತ್ತದೋ ಇಲ್ಲವೋ. ತೃಪ್ತಿ ಮೊಬೈಲಿನಲ್ಲಿ ಬರೆದುಕೊಂಡಳು. ಶರ್ಮಿಳಾ ಕೊಡೆ, ಚೀಲ ಎರಡನ್ನೂ ಹಿಡಿದು ಪಕ್ಕದಲ್ಲಿ ನಿಂತಳು. ಹೊರಡುವಾಗ ತೃಪ್ತಿ ನೀರಿನ ಬಾಟಲಿಯಲ್ಲಿ ಇಟ್ಟಿದ್ದ ಗೆಲ್ಲನ್ನು ತೆಗೆದು, "ತಗೊಳ್ಳಿ ಅಮ್ಮ, ಹೇಗೂ ಮುರಿದಾಯ್ತಲ್ಲ" ಎಂದಳು.

ದುಗ್ಗಮ್ಮ ಕೈ ಹಿಂದೆ ತೆಗೆದರು. "ಬೇಡ. ಅದು ನಿಮ್ಮದೇ. ಈಗಿನ ಬಿಸಿಲಿಗೆ ಬೆಳ್ಳಾರೆ ಮುಟ್ಟುವಾಗ ಸೋತು ಹೋಗ್ತದೆ. ಮಳೆ ಹಿಡಿದ ಮೇಲೆ ನಿಮ್ಮಲ್ಲಿಗೆ ಬರ್ತೇನೆ. ಆಗ ನೀವೇ ಮುರಿದು ಕೊಡಿ."

"ಬನ್ನಿ" ಎಂದು ತೃಪ್ತಿ ತನ್ನ ನಂಬರು ಕೊಟ್ಟಳು.

ಆ ಸಂಜೆ ಶರ್ಮಿಳಾ ಅಮ್ಮನನ್ನು ಬಿಡಲು ಬೆಳ್ಳಾರೆಯವರೆಗೆ ಹೋದಳು. ಮನೆ ಮುಟ್ಟುವಾಗ ಭವಿತಾ ಮೀನಿನ ಸಾರಿಗೆ ಕಾಯಿ ಕಡೆಯುತ್ತಿದ್ದಳು. "ಹೇಗಿತ್ತು ಅತ್ತೆ, ಪ್ರದರ್ಶನ?" ಎಂದು ಒಳಗಿನಿಂದಲೇ ಕೂಗಿ ಕೇಳಿದಳು.

ದುಗ್ಗಮ್ಮ ಕಾಲು ತೊಳೆದು ಬಂದು, ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, ಮೊದಲಿನಿಂದ ಹೇಳತೊಡಗಿದರು. ಹೂವಿನ ಆನೆ, ಕಲ್ಲಂಗಡಿಯಲ್ಲಿ ಕೆತ್ತಿದ ಮುಖ, ಸಾಲು ಸಾಲು ಗಿಡ. ಆಮೇಲೆ ಸ್ವಲ್ಪವೂ ಮುಚ್ಚಿಡದೆ, ತಾನು ಗೆಲ್ಲು ಮುರಿದದ್ದು, ಸಿಕ್ಕಿಬಿದ್ದದ್ದು, ಮೈಕಿನಲ್ಲಿ ಹೇಳಿದ್ದು. ಭವಿತಾ ಕಡೆಯುವುದನ್ನು ನಿಲ್ಲಿಸಿ ಬಾಯಿಗೆ ಕೈಯಿಟ್ಟಳು.

"ಅಯ್ಯೋ ದೇವರೇ! ಮತ್ತೆ?"

"ಮತ್ತೆ ಎಂತ. ಮೈಕಿನಲ್ಲಿ ಹೇಳಿದ್ದೇ ತಡ, ಇವಳು ಎಲ್ಲಿದ್ದಳೋ, ಓಡಿಕೊಂಡು ಬಂದ್ಲು. ನಾನು ಇವರ ಮಗಳು ಅಂತ ಎಲ್ಲರ ಎದುರು ಹೇಳಿದ್ಲು. ನನ್ನ ಪಕ್ಕವೇ ಕೂತ್ಲು, ನೆಲದಲ್ಲಿ."

ಬಾಗಿಲ ಬಳಿ ನಿಂತಿದ್ದ ಶರ್ಮಿಳಾಳ ಮುಖ ಬಿಸಿಯಾಯಿತು. ಸುಮ್ಮನಿರಬಹುದಿತ್ತು. ಆದರೆ ಆಗಲಿಲ್ಲ.

"ಓಡಿ ಬರ್ಲಿಲ್ಲ ಭವಿತಾ" ಎಂದಳು. "ಸ್ವಲ್ಪ ಹೊತ್ತು ನಿಂತಿದ್ದೆ."

ಭವಿತಾ ಇಬ್ಬರನ್ನೂ ನೋಡಿದಳು.

"ಅಷ್ಟು ಜನ ಇದ್ದಾಗ ದಾರಿ ಸಿಕ್ಕಬೇಡ್ವಾ?" ಎಂದರು ದುಗ್ಗಮ್ಮ, ಮಗಳ ಕಡೆ ನೋಡದೆ. "ಬಂದ್ಲಲ್ಲ." ಆಮೇಲೆ ಸೊಸೆಯತ್ತ ಬಾಗಿ ಕೇಳಿದರು, "ಸಾರಿಗೆ ಹುಳಿ ಹಾಕಿದ್ಯಾ?"